ಹ್ಯಾವ್ ಅಂದ್ರೆ ಎಂತ ಮಾಮ?

ದೀಪಾವಳಿ ರಜೆಗೆ ಊರಿಗೆ ಹೋಗಿದ್ದೆ. ಊರೆಂದರೆ ಕೊಕ್ಕಡ, ಬೆಳ್ತಂಗಡಿ ತಾಲೂಕು. ಬೆಂಗಳೂರಲ್ಲಿ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿಯ ತಿರುವುಗಳಲ್ಲಿ ಅರ್ಧಂಬರ್ಧ ನಿದ್ದೆ ಮಾಡಿ ಮನೆ ಮುಟ್ಟಿದಾಗ ಅಪ್ಪ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ಅಕ್ಕನ ಮಗಳು ಜಗಲಿಯ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದಳು. ನಾನು ಬಂದರೆ ಗೇಟಿನವರೆಗೂ ಓಡಿ ಬರುವ ಹುಡುಗಿ ಈ ಸಲ ತಲೆ ಎತ್ತಲಿಲ್ಲ.

ಐದನೇ ಕ್ಲಾಸಿನವರೆಗೆ ಅವಳು ಓದಿದ್ದು ಕನ್ನಡ ಮೀಡಿಯಂನಲ್ಲಿ. ಆರನೆಯದಕ್ಕೆ ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ದಾರೆ. ನೋಟ್‌ಬುಕ್ ಇಣುಕಿ ನೋಡಿದೆ. ‘ನನ್ನ ಮನೆ’ ಎಂಬ ವಿಷಯದ ಮೇಲೆ ಐದು ವಾಕ್ಯ. ‘ಐ ಹ್ಯಾಸ್ ಒನ್ ಬ್ರದರ್. ಐ ಹ್ಯಾವ್ ತ್ರೀ ಕೌಸ್. ಮೈ ಗ್ರ್ಯಾಂಡ್‌ಫಾದರ್ ಹ್ಯಾವ್ ಟು ಡಾಗ್ಸ್...’ ಕೆಂಪು ಇಂಕು ಕಪ್ಪು ಅಕ್ಷರಕ್ಕಿಂತ ಜಾಸ್ತಿ ಇತ್ತು.

“ಹ್ಯಾವ್ ಅಂದ್ರೆ ಎಂತ ಮಾಮ?” ಕೇಳಿದಳು. (ನಮ್ಮ ಮನೆಮಾತು ತುಳು. ಎಲ್ಲರಿಗೂ ಅರ್ಥ ಆಗಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

“ಹ್ಯಾವ್ ಅಂದ್ರೆ... ಇದೆ. ಉಂಟು ಅಂತ.”

“ಹಾಗಾದ್ರೆ ಈಸ್ ಅಂದ್ರೆ?”

“ಅದೂ... ಇದೆ ಅಂತಲೇ.”

ಅವಳು ನನ್ನ ಮುಖ ನೋಡಿದಳು. ಇಂಜಿನಿಯರಿಂಗ್ ಮುಗಿಸಿ, ಎಂಟು ವರ್ಷದಿಂದ ದಿನಾ ಇಂಗ್ಲಿಷಿನಲ್ಲಿ ಮೇಲ್ ಬರೆದು ಸಂಬಳ ತಗೊಳ್ಳುವ ಮಾಮನಿಗೆ ನಾಲ್ಕಕ್ಷರದ ಒಂದು ಪದದ ಅರ್ಥ ಹೇಳಲಿಕ್ಕೆ ಬರಲಿಲ್ಲ.

ಅಡುಗೆಮನೆಯಲ್ಲಿ ಅಕ್ಕ ಮೆಲ್ಲಗೆ ಹೇಳಿದಳು: “ಕ್ಲಾಸಲ್ಲಿ ಎದ್ದು ನಿಲ್ಸಿ ಓದಿಸಿದ್ರಂತೆ. ಎಲ್ಲ ಮಕ್ಕಳು ನಗಾಡಿದ್ರಂತೆ. ಈಗ ಕೈ ಎತ್ತುದೇ ಇಲ್ಲ. ಕನ್ನಡ ಪಾಠದಲ್ಲೂ ಮಾತಾಡುದಿಲ್ಲ ಅಂತ ಟೀಚರ್ ಹೇಳಿದ್ರು.”

ನನಗೆ ಹೊಟ್ಟೆಯೊಳಗೆ ಏನೋ ಚುಚ್ಚಿದ ಹಾಗಾಯಿತು. ಯಾಕೆಂದರೆ ಹೀಗೆ ಬಾಯಿ ಮುಚ್ಚಿಕೊಂಡು ಕೂತ ಅನುಭವ ನನಗೂ ಇದೆ. ಅದಕ್ಕೂ ಕಾರಣ ಇದೇ ಪದ.

ಬರಬೇಕಾಗಿಲ್ಲ ಅಂದರೆ ಬರಬೇಡ ಅಂತಲಾ?

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಅಮೆರಿಕದ ಕ್ಲೈಂಟ್ ಜೊತೆ ವಾರಕ್ಕೆರಡು ಕಾಲ್, ನಮಗೆ ರಾತ್ರಿ ಹತ್ತೂವರೆಗೆ. ಒಂದು ದಿನ ಅಲ್ಲಿನ ಲೀಡ್ ನನಗೆ ಮೆಸೇಜ್ ಹಾಕಿದ: ‘ಯು ಡೋಂಟ್ ಹ್ಯಾವ್ ಟು ಜಾಯಿನ್ ದ ಲೇಟ್ ಕಾಲ್ಸ್.’

ನಾನು ಅದನ್ನು ಮನಸ್ಸಲ್ಲೇ ಕನ್ನಡ ಮಾಡಿಕೊಂಡೆ: ‘ನೀನು ಬರಬೇಕಾಗಿಲ್ಲ.’ ನಮ್ಮಲ್ಲಿ ಯಾರಾದರೂ “ನೀನೇನೂ ಬರಬೇಕಾಗಿಲ್ಲ” ಅಂದರೆ ಅದರ ಧ್ವನಿ ಏನು ಅಂತ ನಿಮಗೆ ಗೊತ್ತು. ಮದುವೆ ಮನೆಯಲ್ಲಿ ಮುನಿಸಿಕೊಂಡ ಚಿಕ್ಕಪ್ಪ ಹೇಳುವ ಮಾತು ಅದು. ನನ್ನ ಕೆಲಸ ಇಷ್ಟ ಆಗಿಲ್ಲ, ನನ್ನನ್ನು ಹೊರಗಿಟ್ಟಿದ್ದಾರೆ ಅಂದುಕೊಂಡೆ. ಕಾಲ್ ಬಿಟ್ಟೆ. ಹಗಲಿನ ಮೀಟಿಂಗುಗಳಲ್ಲೂ ಮ್ಯೂಟ್ ತೆಗೆಯಲಿಲ್ಲ. ಆರು ತಿಂಗಳ ನಂತರ ರಿವ್ಯೂನಲ್ಲಿ ‘ಆಸಕ್ತಿ ತೋರಿಸುವುದಿಲ್ಲ, ಮಾತಾಡುವುದಿಲ್ಲ’ ಎಂದು ಬಂತು. ಆ ವರ್ಷದ ಹೈಕ್ ಹೋಯಿತು.

ಆಮೇಲೆ ಅದೇ ಲೀಡ್ ಬೆಂಗಳೂರಿಗೆ ಬಂದಿದ್ದಾಗ ಊಟದ ಹೊತ್ತಿಗೆ ಧೈರ್ಯ ಮಾಡಿ ಕೇಳಿದೆ. ಅವನಿಗೆ ಆಶ್ಚರ್ಯ. ‘ನಿನಗೆ ಅಪರಾತ್ರಿ ಆಗುತ್ತದಲ್ಲ, ಕಷ್ಟ ಆಗದಿರಲಿ, ಬೇಕಿದ್ದರೆ ಬಾ ಅಂತ ಹೇಳಿದ್ದು’ ಅಂದ. ಅವನು ತೋರಿಸಿದ್ದು ಕಾಳಜಿ, ನನಗೆ ಕೇಳಿಸಿದ್ದು ಅವಮಾನ.

ಇಲ್ಲಿರುವ ವ್ಯತ್ಯಾಸ ಇಷ್ಟೇ. ‘ಹ್ಯಾವ್ ಟು’ ಅಂದರೆ ಕಟ್ಟುಪಾಡು. ‘ಡೋಂಟ್ ಹ್ಯಾವ್ ಟು’ ಅಂದರೆ ಆ ಕಟ್ಟುಪಾಡು ಇಲ್ಲ. ಬಂದರೂ ಸೈ, ಬಾರದಿದ್ದರೂ ಸೈ. ಬರಲೇಬಾರದು ಅನ್ನಲಿಕ್ಕೆ ‘ಮಸ್ಟ್ ನಾಟ್’ ಬೇರೆ ಇದೆ. ಇದರ ಉಲ್ಟಾ ತಪ್ಪನ್ನೂ ನಾವು ಮಾಡುತ್ತೇವೆ. “ನೀವು ಇವತ್ತು ಲಾಗ್ ಕಳಿಸಬೇಕು” ಅಂತ ಕನ್ನಡದಲ್ಲಿ ಮರ್ಯಾದೆಯಾಗಿಯೇ ಕೇಳಬಹುದು, ಯಾಕೆಂದರೆ ನಮ್ಮ ‘ಬೇಕು’ವಿನಲ್ಲಿ ಬೇಡಿಕೆಯೂ ಇದೆ, ಒತ್ತಾಯವೂ ಇದೆ. ಅದನ್ನೇ ‘ಯು ಹ್ಯಾವ್ ಟು ಸೆಂಡ್’ ಅಂತ ಬರೆದರೆ ಸಾಹೇಬರು ಹುಕುಂ ಹೊರಡಿಸಿದ ಹಾಗಿರುತ್ತದೆ. ‘ಕುಡ್ ಯು ಸೆಂಡ್’ ಅಂದರೆ ಸಾಕು.

ಹುಡುಗಿಯ ಲೆಕ್ಕ ತಪ್ಪಲ್ಲ

ಮಧ್ಯಾಹ್ನ ಊಟ ಆದಮೇಲೆ ನೋಟ್‌ಬುಕ್ ಇನ್ನೊಮ್ಮೆ ನೋಡಿದೆ. ಬಗ್ ಹುಡುಕುವುದು ನನ್ನ ಹೊಟ್ಟೆಪಾಡು. ಒಂದು ಪ್ರೋಗ್ರಾಂ ಮನಬಂದಂತೆ ತಪ್ಪುವುದಿಲ್ಲ. ತಪ್ಪಿನ ಹಿಂದೆ ಒಂದು ಲೆಕ್ಕ ಇರುತ್ತದೆ. ಇವಳ ತಪ್ಪಿನಲ್ಲೂ ಇತ್ತು. ತಮ್ಮ ಒಬ್ಬನೇ, ಹಾಗಾಗಿ ‘ಹ್ಯಾಸ್’. ದನ ಮೂರು, ಹಾಗಾಗಿ ‘ಹ್ಯಾವ್’. ಅಜ್ಜನ ನಾಯಿ ಎರಡು, ಹಾಗಾಗಿ ಮತ್ತೆ ‘ಹ್ಯಾವ್’. ಅವಳು ಎಣಿಸಿದ್ದು ಇರುವ ವಸ್ತುವನ್ನು, ಇಟ್ಟುಕೊಂಡವರನ್ನಲ್ಲ.

ಇದು ಅಪ್ಪಟ ಕನ್ನಡದ ಲೆಕ್ಕ. ತುಳುವಿನದೂ ಹೌದು. ನಾವು ಹೇಳುವುದು ಹೇಗೆ ನೋಡಿ: ನನಗೆ ತಮ್ಮ ಇದ್ದಾನೆ. ನನಗೆ ಅಕ್ಕ ಇದ್ದಾಳೆ. ನನಗೆ ಮೂರು ದನ ಇವೆ. ‘ನನಗೆ’ ಎಲ್ಲ ಕಡೆ ಒಂದೇ. ಬದಲಾಗುವುದು ಕೊನೆಯ ಕ್ರಿಯಾಪದ, ಅದೂ ತಮ್ಮ, ಅಕ್ಕ, ದನ ನೋಡಿಕೊಂಡು. ನಮ್ಮ ವಾಕ್ಯದಲ್ಲಿ ಯಜಮಾನಿಕೆ ಇರುವ ವಸ್ತುವಿನದು. ಇಂಗ್ಲಿಷಿನಲ್ಲಿ ಯಜಮಾನಿಕೆ ‘ನಾನು’ವಿನದು. ತಮ್ಮ ಒಬ್ಬನಿರಲಿ ನೂರು ಜನ ಇರಲಿ, ನನ್ನ ಬಗ್ಗೆ ಹೇಳಿದರೆ ‘ಹ್ಯಾವ್’, ಅವಳ ಬಗ್ಗೆ ಹೇಳಿದರೆ ‘ಹ್ಯಾಸ್’.

“ನೋಡು,” ಅಂದೆ. “ನಿನ್ನ ತಲೆ ಸರಿಯೇ ಉಂಟು. ನೀನು ನಮ್ಮ ಭಾಷೆಯ ರೂಲ್ ಹಾಕಿದ್ದಿ. ಇಂಗ್ಲಿಷಲ್ಲಿ ಯಾರ ಹತ್ರ ಉಂಟು ಅಂತ ಮಾತ್ರ ನೋಡ್ಬೇಕು. ಎಷ್ಟು ಉಂಟು ಅಂತ ನೋಡ್ಬಾರ್ದು.”

ಅವಳು ಪೆನ್ಸಿಲ್ ತಗೊಂಡು ಐದೂ ವಾಕ್ಯ ತಾನೇ ತಿದ್ದಿದಳು. ಒಂದೂ ತಪ್ಪಲಿಲ್ಲ.

ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕ 2000ದಲ್ಲಿ ಬಂತು. ಬೇರೆ ಭಾಷೆಯ ಅಚ್ಚಿನಲ್ಲಿ ಕನ್ನಡವನ್ನು ಸುರಿಯಬೇಡಿ ಎಂಬುದು ಅವರ ವಾದ. ಅದನ್ನು ತಿರುಗಿಸಿಯೂ ನೋಡಬಹುದು ಅನಿಸಿತು. ಕನ್ನಡದ ಅಚ್ಚು ಹೇಗಿದೆ ಎಂದು ಮಕ್ಕಳಿಗೆ ಮೊದಲೇ ತೋರಿಸಿದ್ದರೆ, ಇಂಗ್ಲಿಷಿನ ಅಚ್ಚು ಎಲ್ಲಿ ಬೇರೆ ಎಂದು ಅವರೇ ಕಂಡುಕೊಳ್ಳುತ್ತಾರೆ. ಕೆಂಪು ಇಂಕು ಅದನ್ನು ಹೇಳಿಕೊಡುವುದಿಲ್ಲ.

ಹಿಡಿದುಕೊಳ್ಳುವವರು, ಇರಲಿ ಬಿಡುವವರು

‘ಹ್ಯಾವ್’ಗೆ ನಮ್ಮಲ್ಲಿ ಒಂದೇ ಪದ ಇಲ್ಲದಿರುವುದು ನಮ್ಮ ಬಡತನ ಅಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ನನಗೆ ಪುಸ್ತಕ ಇದೆ’ ಎಂದು ನಮ್ಮ ಹಾಗೆಯೇ ಹೇಳುವ ರೀತಿ ಇತ್ತು. ರಷ್ಯನ್ನರು ಇವತ್ತಿಗೂ ‘ನನ್ನ ಹತ್ತಿರ ಇದೆ’ ಅನ್ನುತ್ತಾರೆ. ಹಿಂದಿಯವರು ‘ಮೇರೇ ಪಾಸ್ ಹೈ’ ಅನ್ನುತ್ತಾರೆ. ಫ್ರೆಂಚ್ ಭಾಷಾಶಾಸ್ತ್ರಜ್ಞ ಎಮಿಲ್ ಬೆನ್ವೆನಿಸ್ತ್ 1960ರಲ್ಲಿ ಬರೆದ ಲೇಖನದಲ್ಲಿ, ‘ಹ್ಯಾವ್’ ಎನ್ನುವುದು ‘ಯಾರಿಗೋ ಇದೆ’ ಎನ್ನುವುದರ ಮಗುಚಿದ ರೂಪ ಎಂದು ವಿವರಿಸಿದ. ಮನಶ್ಶಾಸ್ತ್ರಜ್ಞ ಎರಿಕ್ ಫ್ರಾಮ್ 1976ರಲ್ಲಿ ‘ಟು ಹ್ಯಾವ್ ಆರ್ ಟು ಬಿ’ ಎಂದು ಪುಸ್ತಕವನ್ನೇ ಬರೆದ. ಎಷ್ಟೋ ಭಾಷೆಗಳಲ್ಲಿ ‘ಹ್ಯಾವ್’ಗೆ ಪದವೇ ಇಲ್ಲ ಎಂಬುದನ್ನು ಅವನೂ ಗಮನಿಸಿದ್ದ.

ಇನ್ನೊಂದು ಸ್ವಾರಸ್ಯ. ‘ಹ್ಯಾವ್’ ಎಂಬ ಪದ ಲ್ಯಾಟಿನ್ನಿನ ‘ಹಬೇರೆ’ಯಿಂದ ಬಂದಂತೆ ಕಾಣುತ್ತದೆ, ಅರ್ಥವೂ ಒಂದೇ. ಆದರೆ ಎರಡೂ ನೆಂಟರಲ್ಲ. ಹ್ಯಾವ್‌ನ ನಿಜವಾದ ನೆಂಟ ಲ್ಯಾಟಿನ್ನಿನ ‘ಕಪೇರೆ’, ಅಂದರೆ ಹಿಡಿ, ಕೈವಶ ಮಾಡು. ಕ್ಯಾಪ್ಚರ್, ಕ್ಯಾಪ್ಟಿವ್ ಪದಗಳು ಬಂದದ್ದು ಅದರಿಂದಲೇ. ಅಂದರೆ ಇಂಗ್ಲಿಷಿನವನ ‘ನನ್ನಲ್ಲಿದೆ’ಯ ಬೇರಿನಲ್ಲಿ ‘ಹಿಡಿದುಕೊಂಡೆ’ ಎಂಬ ಮುಷ್ಟಿ ಇದೆ.

ನಮ್ಮಲ್ಲಿ ಮುಷ್ಟಿ ಇಲ್ಲ, ಬದಲಿಗೆ ನಾಲ್ಕಾರು ಬಾಗಿಲು ಇವೆ. ಸಂಬಂಧಕ್ಕೆ, ಕಾಯಿಲೆಗೆ, ಸಮಯಕ್ಕೆ ‘ನನಗೆ’: ನನಗೆ ಜ್ವರ ಇದೆ, ನನಗೆ ಪುರುಸೊತ್ತಿದೆ. ದುಡ್ಡಿಗೆ, ಪೆನ್ನಿಗೆ ‘ನನ್ನ ಹತ್ರ’. ಗುಣಕ್ಕೆ ‘ನನ್ನಲ್ಲಿ’ ಅಥವಾ ‘ಅವಳಲ್ಲಿ’: ಅವಳಲ್ಲಿ ಧೈರ್ಯ ಇದೆ. ತುಳುವಿನಲ್ಲೂ ಹಾಗೆಯೇ, ಕಾಸು ‘ಎನಡ’ ಉಂಡು, ಅಮ್ಮ ಮಾತ್ರ ‘ಎಂಕ್’.

ಸಂಜೆ ಅಪ್ಪನ ಹತ್ರ ಕೇಳಿದೆ, “ನಮಗೆ ಒಟ್ಟು ಎಷ್ಟು ಜಾಗ ಉಂಟು?” ಅಪ್ಪ ಒಂದೇ ಅಂಕೆ ಹೇಳಲಿಲ್ಲ. “ವರ್ಗ ಜಾಗ ಎರಡು ಎಕ್ರೆ ಚಿಲ್ಲರೆ. ಮತ್ತೆ ಕುಮ್ಕಿ” ಅಂದರು. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ: ವರ್ಗ ಅಂದರೆ ಸ್ವಂತ ಪಟ್ಟಾ ಜಾಗ. ಅದರ ಸುತ್ತಲಿನ ಸರಕಾರಿ ಜಾಗದಿಂದ ಕೃಷಿಗೆ ಬೇಕಾದ ಸೊಪ್ಪು, ಸೌದೆ, ಮೇವು ತರುವ ಹಳೆಯ ಸವಲತ್ತು ಕುಮ್ಕಿ. ಮಾಲಕತ್ವ ಸರಕಾರದ್ದು. ತಲೆಮಾರುಗಳಿಂದ ಅಲ್ಲಿಂದ ಸೊಪ್ಪು ತಂದಿದ್ದೇವೆ, ಆದರೆ ಅದು ನಮ್ಮದು ಅಂತ ಮಾರಲಿಕ್ಕೆ ಬರುವುದಿಲ್ಲ. ‘ವಿ ಹ್ಯಾವ್ ಲ್ಯಾಂಡ್’ ಎಂಬ ಮೂರು ಪದದಲ್ಲಿ ಈ ಗೆರೆ ಅಳಿಸಿಹೋಗುತ್ತದೆ. ಅಪ್ಪನ ಬಾಯಲ್ಲಿ ಅಳಿಸಲಿಲ್ಲ.

ಆಫೀಸಿನಲ್ಲಿ ಉಪಯೋಗಕ್ಕೆ ಬರುವ ನಾಲ್ಕು ಮಾತು

ಓದುವವರಲ್ಲಿ ನನ್ನಂಥವರೇ ಜಾಸ್ತಿ ಇರಬಹುದು. ಹಾಗಾಗಿ ನಾನು ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಬರೆದುಬಿಡುತ್ತೇನೆ.

ಒಂದು, ‘ಐ ಆಮ್ ಹ್ಯಾವಿಂಗ್’. ಸ್ವಂತದ್ದು ಅನ್ನುವ ಅರ್ಥದಲ್ಲಿ ಇದು ಬೇಡ. ‘ಐ ಆಮ್ ಹ್ಯಾವಿಂಗ್ ಟು ಸಿಸ್ಟರ್ಸ್’ ಅಂದರೆ ಇಬ್ಬರು ಅಕ್ಕಂದಿರನ್ನು ಈಗ ಊಟಕ್ಕೆ ಹಾಕಿಕೊಂಡ ಹಾಗೆ ಕೇಳುತ್ತದೆ. ತಿನ್ನುವಾಗ, ಕುಡಿಯುವಾಗ, ಒಂದು ಅನುಭವ ನಡೆಯುತ್ತಿರುವಾಗ ಮಾತ್ರ ‘ಹ್ಯಾವಿಂಗ್’ ಸರಿ: ಹ್ಯಾವಿಂಗ್ ಲಂಚ್, ಹ್ಯಾವಿಂಗ್ ಎ ಗುಡ್ ಟೈಮ್.

ಎರಡು, ಎರಡು ಸಲ ಬರುವ ಹ್ಯಾವ್. ‘ಹ್ಯಾವ್ ಯು ಹ್ಯಾಡ್ ಲಂಚ್?’ ಇದು ನಮ್ಮ “ಊಟ ಆಯ್ತಾ?” ಮೊದಲನೆಯದು ಕೆಲಸ ಮುಗಿದದ್ದನ್ನು ಹೇಳುತ್ತದೆ, ಎರಡನೆಯದು ತಿನ್ನುವುದನ್ನು. ‘ಐ ಹ್ಯಾವ್ ರಿಟನ್’ ಎಂಬ ರೂಪ ಶುರುವಾದದ್ದು ‘ನನ್ನಲ್ಲಿ ಬರೆದ ಪತ್ರ ಇದೆ’ ಎಂಬಂಥ ಮಾತಿನಿಂದ. ನಾವು ಅದನ್ನೇ ‘ಬರೆದಿದ್ದೇನೆ’ ಅನ್ನುತ್ತೇವೆ, ಅಂದರೆ ‘ಬರೆದು ಇದ್ದೇನೆ’. ಅವರು ಹ್ಯಾವ್ ಹಾಕುವಲ್ಲಿ ನಮ್ಮದು ಮತ್ತೆ ‘ಇರು’.

ಮೂರು, ಬೇರೆಯವರಿಂದ ಮಾಡಿಸಿದ ಕೆಲಸ. ‘ಐ ಕಟ್ ಮೈ ಹೇರ್’ ಅಂದರೆ ಕತ್ತರಿ ಹಿಡಿದದ್ದು ನೀವೇ. ಸೆಲೂನಿಗೆ ಹೋಗಿದ್ದರೆ ‘ಐ ಹ್ಯಾಡ್ ಮೈ ಹೇರ್ ಕಟ್’. ಕನ್ನಡದಲ್ಲಿ ಇದಕ್ಕೆ ಒಂದು ಸಣ್ಣ ‘ಇಸು’ ಸಾಕು. ಅಪ್ಪ ತೋಟಕ್ಕೆ ಮದ್ದು ಬಿಡಿಸುತ್ತಾರೆ, ಅಡಿಕೆ ತೆಗೆಸುತ್ತಾರೆ. ಮರ ಹತ್ತುವವರು ಬೇರೆ. ಮಾಡು, ಮಾಡಿಸು ಎಂಬ ಭೇದ ಗೊತ್ತಿದ್ದವರಿಗೆ ಇಂಗ್ಲಿಷಿನ ಈ ಹ್ಯಾವ್ ಹೊಸತೇ ಅಲ್ಲ.

ನಾಲ್ಕು, ನುಡಿಗಟ್ಟುಗಳು. ‘ಹ್ಯಾವ್ ಎ ವರ್ಡ್’ ಅಂದರೆ ಎರಡು ಮಾತಾಡುವುದು. ಒಂದು ‘ಎಸ್’ ಸೇರಿ ‘ಹ್ಯಾವ್ ವರ್ಡ್ಸ್’ ಆದರೆ ಜಗಳ. ನಮ್ಮ ‘ಮಾತಿಗೆ ಮಾತು ಬೆಳೆಯಿತು’. ಮ್ಯಾನೇಜರ್ ಜೊತೆ ಮೊದಲನೆಯದು ಮಾಡಿ, ಎರಡನೆಯದು ಬೇಡ. ‘ಐ ಹ್ಯಾವ್ ಎ ಡೌಟ್’ ಅಂತ ನಾವು ಪ್ರಶ್ನೆ ಕೇಳುತ್ತೇವೆ. ಹೊರದೇಶದವರಿಗೆ ನಾವು ಅವರನ್ನೇ ನಂಬುತ್ತಿಲ್ಲ ಅನಿಸಬಹುದು. ‘ಕ್ವೆಶ್ಚನ್’ ಸಾಕು. ‘ಐ ಹ್ಯಾವ್ ಹ್ಯಾಡ್ ಇಟ್’ ಅಂದರೆ ಸಾಕಪ್ಪಾ ಸಾಕಾಯಿತು. ಕೇಕನ್ನು ತಿಂದೂ ಮುಗಿಸಬೇಕು, ಹಾಗೇ ಇಟ್ಟುಕೊಂಡೂ ಇರಬೇಕು ಎನ್ನುವವರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಗಾದೆ ಇದೆ. ನಮ್ಮ ಅಜ್ಜಿಯಂದಿರು ಕೇಕ್ ನೋಡದೆಯೇ ಅದನ್ನು ಹೇಳಿಬಿಟ್ಟಿದ್ದಾರೆ: ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

ಗುಡಿ ಇಲ್ಲದ ಗಣಪತಿ

ಮರುದಿನ ಬೆಳಗ್ಗೆ ಹುಡುಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಸೌತಡ್ಕಕ್ಕೆ ಹೋದೆ. ಕೊಕ್ಕಡ ಪೇಟೆಯಿಂದ ಸ್ವಲ್ಪವೇ ದೂರ. ಅಲ್ಲಿನ ಗಣಪತಿಗೆ ಗುಡಿ ಇಲ್ಲ, ಗೋಪುರ ಇಲ್ಲ. ಬಯಲಲ್ಲಿ, ಮಳೆ ಬಿಸಿಲಿಗೆ ಕೂತ ದೇವರು. ದನ ಕಾಯುವ ಹುಡುಗರು ಮೂರ್ತಿಯನ್ನು ಇಲ್ಲಿಗೆ ತಂದು ಸೌತೆಕಾಯಿ ನೈವೇದ್ಯ ಮಾಡುತ್ತಿದ್ದರು, ಅದರಿಂದ ಸೌತಡ್ಕ ಎಂಬ ಹೆಸರು ಬಂತು ಎಂದು ಹೇಳುತ್ತಾರೆ. ಹರಕೆ ಹೇಳಿಕೊಂಡವರು ಕಟ್ಟಿದ ಗಂಟೆಗಳು ಸುತ್ತಲೂ ತೂಗುತ್ತವೆ. ಪ್ರಸಾದ ಅವಲಕ್ಕಿ ಪಂಚಕಜ್ಜಾಯ.

ಅಲ್ಲಿ ಕೂತಾಗ ನನಗೆ ಹೊಳೆದದ್ದು ಒಂದು ಹಳೆಯ ಕನ್ನಡ ಪದ: ‘ಉಳ್ಳ’. ಧನ ಉಳ್ಳ, ಗುಣ ಉಳ್ಳ, ಶಕ್ತಿಯುಳ್ಳ. ಹ್ಯಾವ್‌ಗೆ ತೀರಾ ಹತ್ತಿರದ ನಮ್ಮ ಪದ ಇದೇ. ಎಸ್‌ಕ್ಯುಎಲ್ ಬರೆಯುವವರಿಗೆ ‘ಹ್ಯಾವಿಂಗ್’ ಎಂಬ ಕ್ಲಾಸ್ ಗೊತ್ತು. ಗುಂಪು ಮಾಡಿದ ಮೇಲೆ ‘ಹತ್ತಕ್ಕಿಂತ ಹೆಚ್ಚು ಆರ್ಡರ್ ಉಳ್ಳ ಗ್ರಾಹಕರನ್ನು ಮಾತ್ರ ತೆಗಿ’ ಅನ್ನಲಿಕ್ಕೆ ಬಳಸುತ್ತೇವೆ. ಇಂಗ್ಲಿಷಿನವರ ‘ಹ್ಯಾವ್ಸ್ ಅಂಡ್ ಹ್ಯಾವ್ ನಾಟ್ಸ್’ ಅಂದರೆ ನಮ್ಮ ಉಳ್ಳವರು, ಇಲ್ಲದವರು.

12ನೇ ಶತಮಾನದಲ್ಲಿ ಬಸವಣ್ಣ ಬರೆದ ಬಹುಪ್ರಸಿದ್ಧ ವಚನವೊಂದು ‘ಉಳ್ಳವರು’ ಎಂಬ ಪದದಿಂದಲೇ ಶುರುವಾಗುತ್ತದೆ. ಎ.ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಅದನ್ನು ಇಂಗ್ಲಿಷಿಗೆ ತರುವಾಗ ಆ ಪದಕ್ಕೆ ‘ರಿಚ್’ ಎಂದು ಹಾಕಿದರು. ಅರ್ಥ ಸರಿಯೇ. ಆದರೆ ಕನ್ನಡದಲ್ಲಿ ಏನು ಉಳ್ಳವರು ಎಂದು ಹೇಳಿಲ್ಲ ನೋಡಿ. ಸುಮ್ಮನೆ ‘ಉಳ್ಳವರು’. ದುಡ್ಡು ಎಂಬ ಪದವನ್ನು ಬಾಯಿಬಿಟ್ಟು ಹೇಳದೆಯೇ ಎಲ್ಲರಿಗೂ ಅರ್ಥ ಆಗುತ್ತದೆ. ಉಳ್ಳವರು ಗುಡಿ ಕಟ್ಟಿಸುವ ಲೋಕದಲ್ಲಿ, ದನ ಕಾಯುವ ಮಕ್ಕಳ ಕಥೆಯ ಈ ದೇವರು ಮಾಡು ಇಲ್ಲದೆಯೇ ಕೂತಿದ್ದಾನೆ.

“ಇದನ್ನು ಇಂಗ್ಲಿಷಲ್ಲಿ ಹೇಳು ನೋಡುವ” ಅಂದೆ.

ಸ್ವಲ್ಪ ಹೊತ್ತು ಗಂಟೆ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ, “ಗಣಪತಿ ಹ್ಯಾಸ್ ನೋ ರೂಫ್. ಹಿ ಹ್ಯಾಸ್ ಮೆನಿ ಬೆಲ್ಸ್.” ಗಂಟೆ ಎಷ್ಟೇ ಇದ್ದರೂ ‘ಹ್ಯಾಸ್’ ಬಿಡಲಿಲ್ಲ. ನಾನು ಏನೂ ಹೇಳಲಿಲ್ಲ, ಪಂಚಕಜ್ಜಾಯದ ದೊಡ್ಡ ಪಾಲು ಅವಳಿಗೆ ಕೊಟ್ಟೆ.

ನನಗೆ ಇದ್ದಾರೆ, ನನ್ನ ಹತ್ರ ಇಲ್ಲ

ಬೆಂಗಳೂರಿಗೆ ಹೊರಟ ರಾತ್ರಿ ಅಮ್ಮ ಚೀಲದಲ್ಲಿ ಉಪ್ಪಿನಕಾಯಿ, ಹಪ್ಪಳ, ತೆಂಗಿನೆಣ್ಣೆ ತುಂಬಿಸುತ್ತಿದ್ದರು. ಎರಡು ದಿನದಿಂದ ನಮ್ಮ ಮಾತು ಕೇಳಿ ಕೇಳಿ ಅವರಿಗೂ ಹುರುಪು ಬಂದಿತ್ತು. “ನನ್ನ ಬಗ್ಗೆ ಹೇಳುದಾದ್ರೆ ಎಂತ ಹೇಳುದು ಇಂಗ್ಲಿಷಲ್ಲಿ?” ಕೇಳಿದರು.

“ಐ ಹ್ಯಾವ್ ಎ ಮದರ್” ಅಂದೆ.

ಹೇಳಿದ ಮೇಲೆ ಆ ವಾಕ್ಯ ಬಸ್ಸಿನಲ್ಲಿ ನನ್ನ ಜೊತೆಗೇ ಬಂತು. ಕನ್ನಡದಲ್ಲಿ ಇದನ್ನು ಎರಡು ಥರ ಹೇಳಬಹುದು. ‘ನನಗೆ ಅಮ್ಮ ಇದ್ದಾರೆ’ ಅಂದರೆ ಸಂಬಂಧ. ‘ನನ್ನ ಹತ್ರ ಅಮ್ಮ ಇದ್ದಾರೆ’ ಅಂದರೆ ಅಮ್ಮ ನನ್ನ ಜೊತೆ, ನನ್ನ ಮನೆಯಲ್ಲಿ ಇದ್ದಾರೆ. 1975ರ ‘ದೀವಾರ್’ ಸಿನಿಮಾದಲ್ಲಿ ಅಣ್ಣ ತನ್ನ ಆಸ್ತಿಯ ಪಟ್ಟಿ ಹೇಳಿದಾಗ ಶಶಿ ಕಪೂರ್ ಅಮ್ಮನ ಹೆಸರೆತ್ತಿ ಕೊಡುವ ಉತ್ತರ ಅಷ್ಟು ತಟ್ಟುವುದು ಅದೇ ಕಾರಣಕ್ಕೆ. ಬಂಗಲೆ, ಕಾರಿಗೆ ಹಾಕುವ ‘ಪಾಸ್’ ಅನ್ನೇ ಅವನು ಅಮ್ಮನಿಗೂ ಹಾಕುತ್ತಾನೆ. ಅಮ್ಮ ಅವನ ಜೊತೆ ಇದ್ದಾರೆ, ಅಣ್ಣನ ಜೊತೆ ಇಲ್ಲ. ಇಂಗ್ಲಿಷಿನ ಹ್ಯಾವ್‌ನಲ್ಲಿ ಇವೆರಡೂ ಒಂದೇ.

ನಮ್ಮಲ್ಲಿ ಎಷ್ಟೋ ಜನರ ಸ್ಥಿತಿ ಆ ಎರಡು ವಾಕ್ಯಗಳ ನಡುವೆ ಇದೆ. ಇನ್ಶೂರೆನ್ಸ್ ಫಾರ್ಮಿನಲ್ಲಿ ಅಪ್ಪ ಅಮ್ಮನ ಹೆಸರು ತುಂಬುತ್ತೇವೆ. ನಮಗೆ ಅವರು ಇದ್ದಾರೆ. ನಮ್ಮ ಹತ್ರ ಇಲ್ಲ. ಹ್ಯಾವ್ ಪದದಲ್ಲಿ ಯೋಚಿಸಿದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ನನಗೂ ಎಂಟು ವರ್ಷ ಬಿದ್ದಿರಲಿಲ್ಲ.

ಮೂರು ವಾರ ಬಿಟ್ಟು ಅಕ್ಕನ ಫೋನು ಬಂತು. ಹುಡುಗಿ ಫೋನು ಕಸಿದುಕೊಂಡು, “ಮಾಮ, ಇವತ್ತು ಕೈ ಎತ್ತಿದೆ” ಅಂದಳು. ಉತ್ತರ ಸರಿಯಾಗಿತ್ತಾ ಅಂತ ಕೇಳಿದೆ. “ಅರ್ಧ ಸರಿ. ಹ್ಯಾಡ್ ತಪ್ಪಿತು” ಅಂತ ನಗಾಡಿದಳು. ಆಮೇಲೆ ಅಮ್ಮ ಫೋನು ತಗೊಂಡು ಯಾವಾಗಲೂ ಕೇಳುವುದನ್ನೇ ಕೇಳಿದರು: “ನಿನಗೆ ಇನ್ನು ಯಾವಾಗ ರಜೆ ಉಂಟು?”

ಪ್ರತಿ ಸಲ “ನೋಡ್ಬೇಕಮ್ಮ” ಅನ್ನುತ್ತಿದ್ದೆ. ಈ ಸಲ ಲ್ಯಾಪ್‌ಟಾಪ್ ತೆಗೆದು ಲೀವ್ ಬ್ಯಾಲೆನ್ಸ್ ನೋಡಿದೆ. ಹದಿನಾಲ್ಕು ದಿನ ಇತ್ತು. “ಉಂಟು ಅಮ್ಮ” ಅಂದೆ. “ಡಿಸೆಂಬರಲ್ಲಿ ಎರಡು ವಾರ. ಅಲ್ಲಿಂದಲೇ ಕೆಲಸ ಮಾಡ್ಲಿಕ್ಕೆ ಆಗ್ತದಾ ಅಂತಲೂ ಕೇಳ್ತೇನೆ.”

ರಾತ್ರಿಯೇ ಮ್ಯಾನೇಜರಿಗೆ ಮೇಲ್ ಹಾಕಿದೆ. ಮೊದಲ ಸಾಲು ಬರೆದು, ಅಳಿಸಿ, ಮತ್ತೆ ಬರೆದೆ. ‘ಐ ಹ್ಯಾವ್ ಎ ರಿಕ್ವೆಸ್ಟ್.’ ‘ಆಮ್ ಹ್ಯಾವಿಂಗ್’ ಅಲ್ಲ ತಾನೇ ಅಂತ ಇನ್ನೊಮ್ಮೆ ನೋಡಿ, ಸೆಂಡ್ ಒತ್ತಿದೆ.